ಇಂದಿನ ಧಮ್ಮ ಚಿಂತನೆ: ಮರಳಿ ಬಾರದ ವಿಮಾನ ಮತ್ತು ಒಬ್ಬ ತಾಯಿಯ ಪ್ರಶ್ನೆ





ಕಳೆದ ಭಾನುವಾರ ಪಂಚಶೀಲ ಹೇಳಿ ಮುಗಿಸಿದ ಮೇಲೆ ನಾಗಮಂಗಲ ಕಡೆಯ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ನನ್ನ ಮಗ ಮಿಲಿಟರಿಯಲ್ಲಿದ್ದಾನೆ. ಮೊದಲನೇ ಶೀಲ ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ. ನಾನು ಅದನ್ನು ಹೇಳಬಹುದಾ? ನಾಳೆ ಅವನಿಗೆ ಏನಾದರೂ ಆದರೆ ಬುದ್ಧರು ಅವನ ಬಗ್ಗೆ ಏನು ಹೇಳುತ್ತಾರೆ?"

ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಇಂದು ಸೆಪ್ಟೆಂಬರ್ 7. ಆ ತಾಯಿಯ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಬ್ಬ ಪೈಲಟ್‌ರನ್ನು ನೆನೆಯೋಣ.

1965ರ ಯುದ್ಧ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರಿಗೆ ಆಗ 32 ವರ್ಷ. ಪಂಜಾಬಿನ ಆದಂಪುರದಿಂದ 12 ಮಿಸ್ಟೇರ್ ಯುದ್ಧವಿಮಾನಗಳು ಇನ್ನೂ ಕತ್ತಲಿರುವಾಗಲೇ ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ಬಾಂಬ್ ಹಾಕಲು ಹೊರಟವು. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಯಾರಾದರೂ ಹಿಂದುಳಿದರೆ ಜಾಗ ತುಂಬಲು ಕಾದಿದ್ದವರು. ಒಂದು ವಿಮಾನ ಹಿಂದುಳಿಯಿತು, ಇವರು ಹೋದರು. ದಾಳಿ ಮುಗಿಸಿ ಉಳಿದವರು ಮರಳಿದರು. ಇವರು ಮರಳಲಿಲ್ಲ. ಕಡತದಲ್ಲಿ 'ಕಾಣೆಯಾದವರು' ಎಂದು ಬರೆಯಲಾಯಿತು.

ನಮ್ಮ ನಾಲ್ಕು ತಾಲ್ಲೂಕಿನವರಿಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಗೊತ್ತು. ಮನೆಯವರ ಬೂದಿಯನ್ನು ಅಲ್ಲಿ ಕಾವೇರಿಗೆ ಬಿಟ್ಟು, ಮುಳುಗೆದ್ದು, ಅತ್ತು ಮನೆಗೆ ಬರುತ್ತೇವೆ. ಆ ನೀರು ಬರುವುದು ದೇವಯ್ಯನವರ ಕೊಡಗಿನಿಂದ. ಆದರೆ ಅವರ ಮನೆಯವರಿಗೆ ನದಿಗೆ ಬಿಡಲು ಒಂದು ಹಿಡಿ ಬೂದಿಯೂ ಸಿಗಲಿಲ್ಲ. ಸತ್ತರು ಎಂದು ಅಳುವುದೋ, ಬರುತ್ತಾರೆ ಎಂದು ಬಾಗಿಲು ತೆರೆದಿಡುವುದೋ? ಅದು ಬಲು ಕಠಿಣ ದುಃಖ.

ಸತ್ಯ ಬಂದದ್ದು ಆಚೆ ಕಡೆಯಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಪುಸ್ತಕ ಬರೆದರು. ಅಂದು ಒಂದು ಮಿಸ್ಟೇರ್, ತನಗಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಹೊಡೆದುರುಳಿಸಿತ್ತು. ಸ್ಟಾರ್‌ಫೈಟರ್ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ಮಿಸ್ಟೇರ್‌ನಲ್ಲಿದ್ದವರು ದೇವಯ್ಯನವರೇ ಎಂದು ಆಮೇಲೆ ಖಚಿತವಾಯಿತು. 1988ರಲ್ಲಿ, 23 ವರ್ಷಗಳ ನಂತರ, ಮಹಾವೀರ ಚಕ್ರ ಬಂತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಅವರ ದೇಹವನ್ನು ಅಲ್ಲಿನ ಹಳ್ಳಿಗರು ಹೊಲದಲ್ಲೇ ಮಣ್ಣು ಮಾಡಿದರು ಎಂದು ಪಾಕಿಸ್ತಾನದ ಕಡೆಯವರು ಬರೆದಿದ್ದಾರೆ.

ಈಗ ತಾಯಿಯ ಪ್ರಶ್ನೆಗೆ ಬರೋಣ.

ಸಂಯುತ್ತ ನಿಕಾಯದಲ್ಲಿ ಒಬ್ಬ ಯೋಧರ ಮುಖಂಡ ಬುದ್ಧರನ್ನು ಕೇಳುತ್ತಾನೆ: ರಣದಲ್ಲಿ ಸತ್ತವನು ಸ್ವರ್ಗಕ್ಕೆ ಹೋಗುತ್ತಾನೆ ಅನ್ನುತ್ತಾರಲ್ಲ, ನಿಜವೇ? ಬುದ್ಧರು ಎರಡು ಸಲ, ಬೇಡ, ಕೇಳಬೇಡ ಎನ್ನುತ್ತಾರೆ. ಮೂರನೇ ಸಲ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: ಎದುರಿನವರು ಸಾಯಲಿ, ನಾಶವಾಗಲಿ ಎಂಬ ಮನಸ್ಸಿನಲ್ಲೇ ಪ್ರಾಣ ಬಿಟ್ಟವನಿಗೆ ಸ್ವರ್ಗವಿಲ್ಲ. ಮುಖಂಡ ಅಳುತ್ತಾನೆ. ಬುದ್ಧರು ಬೈದರೆಂದು ಅತ್ತದ್ದಲ್ಲ. ಇಷ್ಟು ಕಾಲ ಹಿರಿಯರು ಸುಳ್ಳು ಹೇಳಿ ತನ್ನನ್ನು ನಂಬಿಸಿದ್ದರಲ್ಲ ಎಂದು ಅತ್ತದ್ದು.

ಈ ಮಾತನ್ನು ನಾವು ಮೆದುಗೊಳಿಸುವುದು ಬೇಡ. 'ವೀರಸ್ವರ್ಗ' ಎಂದು ಹೇಳಿ ಆ ತಾಯಿಯನ್ನು ಸಮಾಧಾನ ಮಾಡಿ ಕಳಿಸುವುದು ಸುಲಭ. ಅದು ಧಮ್ಮವಲ್ಲ. ಆದರೆ ಬುದ್ಧರು ತೂಗಿದ್ದು ಏನನ್ನು ಎಂದು ಗಮನಿಸಿ. ಸಮವಸ್ತ್ರವನ್ನಲ್ಲ, ಕೆಲಸದ ಹೆಸರನ್ನಲ್ಲ, ಮನಸ್ಸನ್ನು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅನಿವಾರ್ಯತೆ ಬೇರೆ ಎಂದು ವಿಂಗಡಿಸಿದ್ದೂ ಇದಕ್ಕೇ. ಅನಿವಾರ್ಯದಲ್ಲೂ ದುಃಖದ ಫಲ ಇದ್ದೇ ಇರುತ್ತದೆ. ಅದನ್ನು ಸಂಭ್ರಮ ಮಾಡಿಕೊಂಡಾಗ ಮನಸ್ಸು ಕೆಡುತ್ತದೆ.

ಆ ಬೆಳಗ್ಗೆ ದೇವಯ್ಯನವರ ಮನಸ್ಸಿನಲ್ಲಿ ಏನಿತ್ತು ಎಂದು ಹೇಳುವ ಹಕ್ಕು ನಮಗಿಲ್ಲ. ನಮ್ಮ ಮನಸ್ಸಿನಲ್ಲಿ ಏನಿದೆ ಎಂದು ನೋಡಿಕೊಳ್ಳಬಹುದು. ಸಿನಿಮಾದಲ್ಲಿ ಶತ್ರುವಿಮಾನ ಉರಿದು ಬೀಳುವಾಗ ಶಿಳ್ಳೆ ಹೊಡೆಯುವವರು ನಾವು. ಯಾವ ಅಪಾಯವೂ ಇಲ್ಲದೆ ಕುರ್ಚಿಯಲ್ಲಿ ಕೂತು ಆ ಕೆಟ್ಟ ಮನಸ್ಸನ್ನು ಬೆಳೆಸಿಕೊಳ್ಳುವವರು ನಾವು. ಹಗೆಯ ದೇಶದವನ ದೇಹವನ್ನು ತಮ್ಮ ಹೊಲದಲ್ಲಿ ಮಣ್ಣು ಮಾಡಿದ ಆ ರೈತರ ಮುಂದೆ ನಿಂತರೆ ನಮಗೆ ನಾಚಿಕೆಯಾಗಬೇಕು.

ತಾಯಿ, ಶೀಲವನ್ನು ಧಾರಾಳವಾಗಿ ಹೇಳಿ. ಅದು ನಿಮ್ಮ ಮಗನ ಮೇಲಿನ ತೀರ್ಪಲ್ಲ. ಅದು ನಾವು ಕೈಗೊಳ್ಳುವ ಶಿಕ್ಷಣ, ಬಿದ್ದು ಎದ್ದು ಕಲಿಯುವಂಥದ್ದು. ಗಂಟಲು ಕಟ್ಟಿದರೆ ಕಟ್ಟಲಿ. ಆ ಶೀಲದ ಬೆಲೆ ನಮ್ಮೆಲ್ಲರಿಗಿಂತ ನಿಮಗೇ ಚೆನ್ನಾಗಿ ಗೊತ್ತು ಎಂದು ಅರ್ಥ. ಫೋನಿನಲ್ಲಿ ಮಗನಿಗೆ ಒಂದೇ ಮಾತು ಹೇಳಿ: "ಡ್ಯೂಟಿ ಮಾಡು ಮಗಾ, ದ್ವೇಷ ಇಟ್ಟುಕೊಳ್ಳಬೇಡ."

*ಇಂದಿನ ಅಭ್ಯಾಸ:* ಸಂಜೆ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಮೊದಲು ದೇವಯ್ಯನವರಿಗೆ, ನಂತರ ಅಮ್ಜದ್ ಹುಸೇನರಿಗೆ, ನಂತರ ಹೆಸರೂ ಗೊತ್ತಿಲ್ಲದ ಆ ಹಳ್ಳಿಗರಿಗೆ, ಕೊನೆಗೆ ಎರಡೂ ದೇಶಗಳಲ್ಲಿ ಮಗನ ಫೋನಿಗೆ ಕಾಯುತ್ತಿರುವ ತಾಯಂದಿರಿಗೆ ಮೈತ್ರಿ ಕಳಿಸಿ. ಎರಡನೇ ಹೆಸರಿನ ಹತ್ತಿರ ಮನಸ್ಸು ತಡೆದರೆ ಅಲ್ಲೇ ನಿಲ್ಲಿ. ಇಂದಿನ ಪಾಠ ಇರುವುದು ಅಲ್ಲೇ.

ಭವತು ಸಬ್ಬ ಮಂಗಲಂ
ಸಾಧು ಸಾಧು ಸಾಧು 🙏🪷

(ಓದಿ, ಮನೆಯವರಿಗೂ ಓದಿ ಹೇಳಿ. ಸೈನಿಕರ ಮನೆಗಳಿಗೆ ತಪ್ಪದೆ ಕಳುಹಿಸಿ.)