ತೂರಾಡುವವರನ್ನು ಕಂಡಾಗ



ಧಮ್ಮ ಬಂಧುಗಳೇ, ಇಂದಿನ ಚಿಂತನೆ ನನ್ನದೇ ಒಂದು ತಪ್ಪಿನ ಮಾತು.

ಹೋದ ತಿಂಗಳು ಕಮಲಾಪುರದಲ್ಲಿ ಕಲಬುರಗಿ ಬಸ್ಸಿಗಾಗಿ ನಿಂತಿದ್ದೆ. ಐವತ್ತು ದಾಟಿದ ಒಬ್ಬರು ಕಾಲು ಅಗಲಿಸಿ ಇಡುತ್ತ, ತೂರಾಡುತ್ತ ಬಂದರು. ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ, ಮಾತು ತೊದಲು. ಮುಂಜಾನೆಯೇ ಕುಡಿದು ಬಂದಿದ್ದಾನೆ ಎಂದುಕೊಂಡು ಮೊಮ್ಮಗಳ ಕೈ ಹಿಡಿದು ಆಚೆ ಸರಿದೆ. ಬಸ್ ಹತ್ತುವಾಗ ಅವರು ಆಯ ತಪ್ಪಿದರು. ಯಾರೂ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ. ಹಿಂದಿನಿಂದ ಓಡಿ ಬಂದು ಹಿಡಿದ ಹುಡುಗ ಹೇಳಿದ: "ಕುಡದಿಲ್ರೀ ಕಾಕಾ, ನಮ್ಮಪ್ಪಗ ಸಣ್ಣ ಮೆದುಳಿಂದು ಬ್ಯಾನಿ ಅದ. ಎಲ್ಲಾರೂ ಹಂಗೇ ತಿಳ್ಕೋತಾರ."

ಆ ಸಣ್ಣ ಮೆದುಳಿಗೆ ಅನುಮಸ್ತಿಷ್ಕ ಎಂದು ಹೆಸರು. ಡಾಕ್ಟರರು ಸೆರೆಬೆಲ್ಲಮ್ ಎನ್ನುತ್ತಾರೆ. ತಲೆಯ ಹಿಂಭಾಗದಲ್ಲಿ, ದೊಡ್ಡ ಮೆದುಳಿನ ಕೆಳಗೆ ಇದೆ. ಎಡಕ್ಕೊಂದು, ಬಲಕ್ಕೊಂದು ಹೋಳು, ನಡುವೆ ಒಂದು ಕಿರಿದಾದ ಪಟ್ಟಿ. ತೂಕದಲ್ಲಿ ಇಡೀ ಮೆದುಳಿನ ಹತ್ತರಲ್ಲೊಂದು ಪಾಲು. ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇಲ್ಲೇ ಇವೆ! ನಡೆ ಎಂಬ ಆಜ್ಞೆ ಇಲ್ಲಿಂದ ಹೊರಡುವುದಿಲ್ಲ. ಮಾಡಬೇಕೆಂದದ್ದೇನು, ಕೈಕಾಲು ಮಾಡುತ್ತಿರುವುದೇನು ಎಂದು ತಾಳೆ ನೋಡಿ ಕ್ಷಣಕ್ಷಣಕ್ಕೂ ತಿದ್ದುವುದು ಇದರ ಕೆಲಸ. ಇದು ಕೆಟ್ಟರೆ ಕಾಲಿನಲ್ಲಿ ಬಲವಿರುತ್ತದೆ, ಮನಸ್ಸೂ ಇರುತ್ತದೆ, ಹದ ತಪ್ಪುತ್ತದೆ. ಕುಡಿದವರು ತೂರಾಡುವುದಕ್ಕೂ ಮುಖ್ಯ ಕಾರಣ ಇದೇ ಜಾಗಕ್ಕೆ ಮಂಕು ಕವಿಯುವುದು. ಅದಕ್ಕೇ ನೋಡುವವರು ಮೋಸ ಹೋಗುತ್ತಾರೆ.

ಚೇತನಾ, ಅಂದರೆ ಮನಸ್ಸಿನ ಸಂಕಲ್ಪವನ್ನೇ ಭಗವಾನ್ ಬುದ್ಧರು ಕರ್ಮವೆಂದರು. ಅವರ ಹೆಜ್ಜೆ ತಪ್ಪಿದ್ದರಲ್ಲಿ ಸಂಕಲ್ಪವಿರಲಿಲ್ಲ. ನಾನು ಆಚೆ ಸರಿದದ್ದು ಬೇಕೆಂದೇ.

ಮನೆಯಲ್ಲಿ ಇದನ್ನು ಹೇಳಿದಾಗ ಮಗಳು ಕೇಳಿದಳು, "ಅಪ್ಪಾ, ಖರೇನೇ ಕುಡ್ದಿದ್ರ ಬೀಳ್ಲಿ ಅಂತ ಬಿಡ್ತಿದ್ದಿ ಏನು?"

ನನಗೆ ಉತ್ತರ ಬರಲಿಲ್ಲ. ವರ್ಷಗಟ್ಟಲೆ ಕುಡಿದರೆ ಆ ನಡುವಿನ ಪಟ್ಟಿಯೇ ಸವೆಯುತ್ತದೆ; ಬಿಟ್ಟ ಮೇಲೂ ಕೆಲವರ ನಡಿಗೆ ಪೂರ್ತಿ ಸರಿಹೋಗುವುದಿಲ್ಲ. ಮೊದಲ ಗ್ಲಾಸು ಎತ್ತಿದ್ದು ಅವನ ಸಂಕಲ್ಪ, ಸರಿ. ಇಪ್ಪತ್ತು ವರ್ಷದ ನಂತರದ ತೂರಾಟ? ಕುಡಿತದ ಹೊಣೆ ಕುಡಿದವನದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಸ್ಸಿನ ಮೆಟ್ಟಿಲಲ್ಲಿ ಬೀಳುತ್ತಿರುವವನ ಮುಂದೆ ಆ ಲೆಕ್ಕ ತೆಗೆಯುವುದಕ್ಕೆ ನಾನ್ಯಾರು? ಐದನೆಯ ಶೀಲವನ್ನು ನಾನು ಸ್ವೀಕರಿಸಿದ್ದು ನನಗಾಗಿ. ಅದನ್ನು ಇನ್ನೊಬ್ಬರನ್ನು ಅಳೆಯುವ ಕೋಲು ಮಾಡಿಕೊಂಡಿದ್ದೆ. (ವಿಹಾರದಲ್ಲಿ ಪಂಚಶೀಲ ಹೇಳುವಾಗ ನನ್ನ ದನಿಯೇ ಎಲ್ಲರಿಗಿಂತ ಗಟ್ಟಿ, ಇದೂ ನಿಜ.)

ಅಂದು ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಸೀಟು ಸಿಕ್ಕಿತು. ಅವರು ಚೀಲದಿಂದ ಒಂದು ಹಣ್ಣು ತೆಗೆದು ಮೊಮ್ಮಗಳಿಗೆ ಚಾಚಿದರು. ತೊಡೆಯ ಮೇಲಿದ್ದಾಗ ಸುಮ್ಮನಿದ್ದ ಕೈ, ಅವಳ ಹತ್ತಿರ ಬಂದಷ್ಟೂ ಹೆಚ್ಚು ನಡುಗಿತು. ಈ ಬೇನೆಯ ಲಕ್ಷಣವೇ ಅದು. ಮಗು ಕಾಯಲಿಲ್ಲ, ಎರಡೂ ಕೈ ಮುಂದೆ ಮಾಡಿ ಅರ್ಧ ದಾರಿಯಲ್ಲೇ ಹಣ್ಣು ತೆಗೆದುಕೊಂಡಳು.