ಮೃಗಗಳು ಕಲಿಸುವ ಪಾಠ

ಯೋಬನ ಗ್ರಂಥ, 12ನೆಯ ಅಧ್ಯಾಯ, 7ನೆಯ ವಚನ



ಯೋಬನು ಜ್ಞಾನಿಗಳೆನಿಸಿಕೊಂಡ ತನ್ನ ಸ್ನೇಹಿತರಿಗೆ ಕೊಟ್ಟ ಉತ್ತರವನ್ನು ಓದಿರಿ. ದೊಡ್ಡ ಮಾತುಗಳನ್ನಾಡುವ ನಿಮಗೆ ತಿಳಿಯದಿದ್ದರೆ ಹೋಗಿ ಮೃಗಗಳನ್ನು ವಿಚಾರಿಸಿರಿ, ಅವು ನಿಮಗೆ ಉಪದೇಶ ಮಾಡುವವು ಎಂಬದೇ ಅದರ ಭಾವ. ಮನುಷ್ಯನು ಮೃಗದ ಮುಂದೆ ಶಿಷ್ಯನಾಗಿ ಕೂತುಕೊಳ್ಳುವದು ನಾಚಿಕೆಯೆಂದು ಕೆಲವರಿಗೆ ತೋರೀತು. ಆದರೆ ಬಿಳಾಮನು ದರ್ಶನ ಹೊಂದುವವನಾಗಿದ್ದರೂ ದಾರಿಯಲ್ಲಿ ನಿಂತಿದ್ದ ದೂತನನ್ನು ಕಾಣಲಿಲ್ಲ. ಅವನ ಕತ್ತೆಯು ಕಂಡಿತು. ಅದು ಮೂರು ಸಾರಿ ಪೆಟ್ಟು ತಿಂದೂ ಯಜಮಾನನ ಪ್ರಾಣವನ್ನು ಉಳಿಸಿತು.

ಈ ಕಾಲದಲ್ಲಿ ಈ ಮಾತು ಅಕ್ಷರಶಃ ನಡೆಯುತ್ತದೆ. ಬೀದಿಯಲ್ಲಿ ಬಿಡಲ್ಪಟ್ಟು, ದಯೆಯುಳ್ಳವರ ಆಶ್ರಯಸ್ಥಾನಗಳಲ್ಲಿ ಬದುಕಿಕೊಂಡ ಸಾಧುಸ್ವಭಾವದ ನಾಯಿಗಳನ್ನು ಪಾಠಶಾಲೆಗೆ ಕರತಂದು ಮಕ್ಕಳ ಮುಂದೆ ನಿಲ್ಲಿಸಿ, ಸಾಕುಪ್ರಾಣಿಯ ಆರೈಕೆಯನ್ನೂ ಅದರೊಡನೆ ಜಾಗ್ರತೆಯಿಂದ ನಡೆಯುವದನ್ನೂ ಕಲಿಸುವ ಪದ್ಧತಿಯು ಅನೇಕ ದೇಶಗಳಲ್ಲಿ ಹಬ್ಬಿದೆ. ನಮ್ಮ ನೆರೆಯ ಗೋವೆಯಲ್ಲಿ 2014ರಿಂದ ಮಿಷನ್ ರೇಬೀಸ್ ಎಂಬ ಸಂಸ್ಥೆಯವರು ಸರಕಾರದೊಡನೆ ಸೇರಿ ನಾಯಿಗಳಿಗೆ ಚುಚ್ಚುಮದ್ದು ಹಾಕಿದರು. ಶಾಲೆಶಾಲೆಗೂ ಹೋಗಿ ಮಕ್ಕಳಿಗೆ ಬೋಧಿಸಿದರು. 2021ರಲ್ಲಿ ಆ ರಾಜ್ಯವು ಹುಚ್ಚುನಾಯಿಯ ರೋಗವನ್ನು ಹತೋಟಿಗೆ ತಂದದ್ದೆಂದು ಪ್ರಕಟಿಸಲ್ಪಟ್ಟಿತು. ನಾಯಿಗಳನ್ನು ಕೊಂದು ಸಾಧಿಸಿದ್ದಲ್ಲ. ನೂರರಲ್ಲಿ 70 ನಾಯಿಗಳಿಗೆ ಮದ್ದು ಬಿದ್ದರೆ ರೋಗವು ಹರಡಲು ದಾರಿ ಕಾಣದೆ ನಿಂತುಹೋಗುವದೆಂದು ಬಲ್ಲವರು ಹೇಳುತ್ತಾರೆ.

ಕೊಡಗಿನವರಾದ ನಮಗೆ ಈ ವಿದ್ಯೆಯು ಅರ್ಧ ಬಂದೇ ಇದೆ. ಕಾಫಿತೋಟದ ದಾರಿಯಲ್ಲಿ ಶಾಲೆಗೆ ಹೋಗುವ ಹುಡುಗನು ಮುರಿದ ಬಿದಿರನ್ನೂ ಹಸಿ ಲದ್ದಿಯನ್ನೂ ಕಂಡ ಕೂಡಲೇ ಆನೆಯಿದೆಯೆಂದು ಹಿಂದಿರುಗುತ್ತಾನೆ. ದುಬಾರೆಯ ಮಾವುತನು ಆನೆಯ ಕಿವಿ ಬಾಲಗಳನ್ನು ನೋಡಿಯೇ ಅದರ ಮನಸ್ಸನ್ನು ಓದುತ್ತಾನೆ. ಹಾಗಾದರೆ ಲೈನುಮನೆಯ ಬಾಗಲಲ್ಲಿ ಮಲಗಿರುವ ನಾಯಿಯ ಮನಸ್ಸನ್ನು ಓದಲು ನಮ್ಮ ಮಕ್ಕಳಿಗೆ ಕಲಿಸಿದವರು ಯಾರು? ಆನೆಗೆ ಹೆದರುತ್ತೇವೆ; ನಾಯಿಗೆ ಕಲ್ಲೆಸೆಯುತ್ತೇವೆ. ಕಲ್ಲು ತಿಂದ ನಾಯಿಯು ಮರುದಿನ ಬೇರೊಂದು ಮಗುವನ್ನು ಕಚ್ಚುತ್ತದೆ.

ಸಂಬಂಧವಿಲ್ಲದ ಜಗಳದಲ್ಲಿ ತಲೆಹಾಕುವವನನ್ನು ನಾಯಿಯ ಕಿವಿ ಹಿಡಿದೆಳೆಯುವವನಿಗೆ ಹೋಲಿಸಿದ ಜ್ಞಾನಿಯು (ಜ್ಞಾನೋಕ್ತಿ 26:17) ನಾಯಿಗಳನ್ನು ಚೆನ್ನಾಗಿ ಬಲ್ಲವನೇ ಇರಬೇಕು. ಕಿವಿಯನ್ನಾಗಲಿ ಬಾಲವನ್ನಾಗಲಿ ಎಳೆಯಬಾರದು. ಉಣ್ಣುವ, ನಿದ್ರಿಸುವ, ಮರಿಗಳಿಗೆ ಹಾಲೂಡಿಸುವ ನಾಯಿಯನ್ನು ಮುಟ್ಟಬಾರದು. ಪರರ ನಾಯಿಯಾದರೆ ಯಜಮಾನನನ್ನು ಕೇಳಿ, ಅದು ಕೈಯನ್ನು ಮೂಸಿದ ಮೇಲೆಯೇ ಸವರಬೇಕು. ನಾಯಿಯು ಎದುರಿಸಿ ಬಂದರೆ ಓಡದೆ, ಅದರ ಕಣ್ಣನ್ನು ದಿಟ್ಟಿಸದೆ, ಕೈಗಳನ್ನು ಇಳಿಬಿಟ್ಟು ಮರದಂತೆ ನಿಲ್ಲಬೇಕು. ಕೆಡವಿದರೆ ಮುದುಡಿಕೊಂಡು ಮುಖವನ್ನೂ ಕಿವಿಗಳನ್ನೂ ಮುಚ್ಚಿಕೊಳ್ಳಬೇಕು. ಭಾನುವಾರದ ಶಾಲೆಯಲ್ಲಿ ಇದನ್ನು ಒಮ್ಮೆ ಆಡಿಸಿ ತೋರಿಸಿದರೆ ಮಕ್ಕಳು ಮರೆಯಲಾರರು.

ದೇವರ ವಾಕ್ಯವು ನೀತಿವಂತನ ಗುರುತನ್ನು ಅವನ ಕೊಟ್ಟಿಗೆಯಲ್ಲಿಯೂ ಹುಡುಕುತ್ತದೆ (ಜ್ಞಾನೋಕ್ತಿ 12:10). ಆದಕಾರಣ ನಾಯಿಯನ್ನು ಸಾಕುವವನು ಅದಕ್ಕೆ ಮಳೆಗಾಲದಲ್ಲಿ ಒಣಗಿದ ಜಾಗವನ್ನೂ, ದಿನಾಲು ಶುದ್ಧ ನೀರನ್ನೂ ಕೊಡಲಿ. ಗಿಡ್ಡ ಸರಪಣಿಯಲ್ಲಿ ಹಗಲಿರುಳು ಬಿಗಿದಿಡದಿರಲಿ. ಮೂರು ತಿಂಗಳು ತುಂಬಿದಾಗ ಪಶುವೈದ್ಯರಿಂದ ಚುಚ್ಚುಮದ್ದು ಹಾಕಿಸಿ ವರುಷ ವರುಷವೂ ಹಾಕಿಸುತ್ತಾ ಬರಲಿ. ಹೆಣ್ಣುಮರಿಗಳನ್ನು ಚೀಲದಲ್ಲಿ ಕಟ್ಟಿ ರಸ್ತೆಯಂಚಿನಲ್ಲಿ ಬಿಡುವದು ಕೊಲೆಗೆ ಸಮೀಪವಾದ ಕೆಲಸ.

ಲಾಜರನ ಹುಣ್ಣುಗಳನ್ನು ನೆಕ್ಕಿದ ನಾಯಿಗಳು ಐಶ್ವರ್ಯವಂತನಿಗಿಂತ ಕರುಣೆಯುಳ್ಳವುಗಳೆಂದು ನಾವು ಹೇಳುತ್ತೇವೆ, ಅದು ಸರಿಯೇ. ಆದರೂ ತಾಯಂದಿರೇ, ಮಗುವಿನ ಗಾಯವನ್ನು ನಾಯಿಯು ನೆಕ್ಕುವಂತೆ ಬಿಡಬೇಡಿರಿ, ರೋಗವು ಜೊಲ್ಲಿನಲ್ಲಿರುತ್ತದೆ. ಪ್ರಕಟವಾದ ಮೇಲೆ ಅದಕ್ಕೆ ಔಷಧವಿಲ್ಲವೆಂದೇ ತಿಳಿಯಿರಿ.

ನಮ್ಮ ಹಿರಿಯರ ಕಾಲದಲ್ಲಿ ಕಚ್ಚಿಸಿಕೊಂಡವರು ದೂರದ ಕಸೌಲಿಗೆ, 1907ರ ತರುವಾಯ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಗೆ ಪ್ರಯಾಣ ಮಾಡಬೇಕಾಗಿತ್ತು. ಹೊಟ್ಟೆಗೆ ದಿನಾಲು ಸೂಜಿ ಚುಚ್ಚಿಸಿಕೊಳ್ಳುವ ಭಯದಿಂದಲೇ ಎಷ್ಟೋ ಮಂದಿ ಹೋಗದೆ ಉಳಿದರು. ಆ ಹಳೆಯ ಮದ್ದಿನ ತಯಾರಿಯು ನಮ್ಮ ದೇಶದಲ್ಲಿ 2004ರ ಅಂತ್ಯಕ್ಕೆ ನಿಂತುಹೋಯಿತು. ಈಗ ತೋಳಿಗೆ ಕೆಲವೇ ಚುಚ್ಚುಮದ್ದುಗಳು, ಅವು ಸರಕಾರಿ ಆಸ್ಪತ್ರೆಯಲ್ಲಿ ದೊರೆಯುತ್ತವೆ. ಹೀಗಿದ್ದರೂ ಗಾಯಕ್ಕೆ ಸುಣ್ಣವನ್ನೋ ಮೆಣಸಿನಪುಡಿಯನ್ನೋ ಮೆತ್ತಿ ಮಂತ್ರ ಹಾಕುವವನ ಮನೆಗೆ ಹೋಗುವವರು ಇನ್ನೂ ಇದ್ದಾರೆ. ಅದನ್ನು ಬಿಟ್ಟುಬಿಡಿರಿ. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆ ದಿವಸವೇ ವೈದ್ಯರ ಬಳಿಗೆ ಹೋಗಿರಿ. ಅವರು ಹೇಳಿದ ದಿವಸಗಳಲ್ಲಿ ಒಂದನ್ನೂ ತಪ್ಪಿಸಬೇಡಿರಿ.

ತಂದೆಯರೇ, ನಿಮಗೆ ಒಂದು ಮಾತು. ಹುಚ್ಚುನಾಯಿಯೆಂಬ ಸಂಶಯವುಳ್ಳ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರುಷಕ್ಕೆ ಕಡಿಮೆ ಪ್ರಾಯದವರು. ಮರಿಯನ್ನು ಕೆಣಕಿದ್ದಕ್ಕೆ ಅಪ್ಪನು ಹೊಡೆಯುವನೆಂದು ಮಗುವು ಸಣ್ಣ ಗಾಯವನ್ನು ಅಂಗಿಯ ಕೆಳಗೆ ಮುಚ್ಚಿಡುತ್ತದೆ. ನಿಮ್ಮ ಬೆತ್ತದ ಭಯವು ಆ ಮಗುವಿನ ಪ್ರಾಣಕ್ಕೆ ಬೆಲೆಯಾಗಬಹುದು. ಯಾವ ಪ್ರಾಣಿಯು ಪರಚಿದರೂ ಕಚ್ಚಿದರೂ ಓಡಿ ಬಂದು ಹೇಳು, ನಾನು ಹೊಡೆಯುವದಿಲ್ಲ ಎಂದು ಈ ಸಂಜೆಯೇ ಊಟದ ಹೊತ್ತಿನಲ್ಲಿ ಹೇಳಿರಿ, ಹೇಳಿದಂತೆ ನಡೆಯಿರಿ.

ಕಚ್ಚಿದ ಸಾಕುನಾಯಿಯನ್ನು ಕೋಪದಿಂದ ಆಗಲೇ ಕೊಲ್ಲಬೇಡಿರಿ. ಅದನ್ನು ಕಟ್ಟಿ, ಅನ್ನ ನೀರು ಕೊಟ್ಟು 10 ದಿವಸ ನೋಡಿಕೊಳ್ಳಿರಿ. ಮಗುವಿನ ಚುಚ್ಚುಮದ್ದನ್ನು ಮಾತ್ರ ಅದಕ್ಕಾಗಿ ತಡಮಾಡಬೇಡಿರಿ. 10ನೆಯ ದಿವಸ ಅದು ಎಂದಿನಂತೆ ಉಣ್ಣುತ್ತಾ ಸೌಖ್ಯವಾಗಿದ್ದರೆ, ಕಚ್ಚಿದ ದಿವಸ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲವೆಂದು ವೈದ್ಯರು ನಿಮಗೆ ಹೇಳುವರು.