ಗೂಡಿನೊಳಗಿನ ದಾರಿ

ಶ್ರೀನಗರದಿಂದ ಕನ್ಯಾಕುಮಾರಿಗೆ ಇಳಿಯುವ 44ನೇ ರಾಷ್ಟ್ರೀಯ ಹೆದ್ದಾರಿ ಬಾಗೇಪಲ್ಲಿ ದಾಟಿ ಚಿಕ್ಕಬಳ್ಳಾಪುರ ಮುಟ್ಟುವ ಹೊತ್ತಿಗೆ, ಬೆಳಗಿನ ಜಾವವಾಗಿದ್ದರೆ, ಬಲಗಡೆಯ ಬೆಟ್ಟಗಳ ಬುಡವೆಲ್ಲ ಮಂಜಿನಲ್ಲಿ ಕರಗಿ ನೆತ್ತಿಗಳಷ್ಟೇ ತೇಲುತ್ತಿರುತ್ತವೆ. ಆ ಹೊತ್ತಿನಲ್ಲಿ ಟೊಮೆಟೊ ಲಾರಿಗಳ, ಹೂವಿನ ಮೂಟೆ ಹೊತ್ತ ಟೆಂಪೊಗಳ ನಡುವೆ ಅಪರೂಪಕ್ಕೊಮ್ಮೆ ಓದಲಾಗದ ನಂಬರ್ ಪ್ಲೇಟಿನ, ನೆತ್ತಿಯ ಮೇಲೆ ನೀರಿನ ಕ್ಯಾನು ಬಿಗಿದುಕೊಂಡ ಫೋರ್ ವೀಲ್ ಡ್ರೈವ್ ಗಾಡಿಯೊಂದು ಕಂಡುಬಿಡುತ್ತದೆ. ಒಳಗೆ ಇಬ್ಬರು. ಯುರೋಪಿನ ಯಾವುದೋ ಊರಿನ ಮನೆಗೆ ಬೀಗ ಹಾಕಿ, ಗಡಿ ಗಡಿಯಲ್ಲೂ ಕಾಗದ ತೋರಿಸುತ್ತ ಇಳಿದು ಬಂದವರಿರಬೇಕು. ನೆಲ ಎಲ್ಲಿಯೂ ಹರಿಯದೆ ಅಲ್ಲಿಂದ ಇಲ್ಲಿಯವರೆಗೂ ಒಂದೇ ಆಗಿ ಹಾಸಿದೆ ಎನ್ನುವುದು ನಕ್ಷೆಯಲ್ಲಿ ಗೊತ್ತಿದ್ದದ್ದೇ. ಆದರೂ ಆ ಗಾಲಿಗೆ ಮೆತ್ತಿದ ಧೂಳು ಕಂಡಾಗ ಮೈ ಸಣ್ಣಗೆ ಜುಮ್ಮೆನ್ನುತ್ತದೆ.

ಇಂಥ ಜೋಡಿಗಳ ನೆನಪಿನಲ್ಲಿ ನನಗೆ ಮೊದಲು ಬರುವವರು ಜರ್ಮನಿಯ ಗುಂಥರ್ ಹೋಲ್ಟಾರ್ಫ್ ಮತ್ತು ಕ್ರಿಸ್ಟೀನ್. ವಿಮಾನ ಕಂಪನಿಯಲ್ಲಿ ದುಡಿದ ಆತ, ಹಾರಿದ್ದು ಸಾಕೆನಿಸಿತೋ ಏನೋ, 1988ರಲ್ಲಿ ಒಂದು ಡೀಸೆಲ್ ಮರ್ಸಿಡಿಸ್ ಜಿ ವ್ಯಾಗನ್ ಕೊಂಡು, ‘ಓಟೊ’ ಎಂದು ಹೆಸರಿಟ್ಟು ನೆಲದ ದಾರಿ ಹಿಡಿದ. ಸ್ವಲ್ಪ ಕಾಲದಲ್ಲೇ ಕ್ರಿಸ್ಟೀನ್ ಪಕ್ಕದ ಸೀಟಿಗೆ ಬಂದಳು. ಹೋಟೆಲು ಹತ್ತದೆ, ಹಿಂದಿನ ಸೀಟು ಕಿತ್ತ ಜಾಗದಲ್ಲಿ ಹಾಸಿಗೆ ಹಾಸಿಕೊಂಡು, ತಾವೇ ಬೇಯಿಸಿ ತಿನ್ನುತ್ತ ಅವರು ಹೋದರು. ವರ್ಷ ಕಳೆಯಿತು, ದಶಕ ಕಳೆಯಿತು, ದೇಶಗಳು ನೂರು ದಾಟಿದವು, ಓಟೊ ಓಡಿದ ದೂರ ಕೊನೆಗೆ ಸುಮಾರು 9 ಲಕ್ಷ ಕಿಲೋಮೀಟರ್ ಆಯಿತು. ಚಂದ್ರನಿಗೆ ಹೋಗಿ ಬಂದರೂ ಇನ್ನೂ ಒಂದು ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಅಷ್ಟು ಕಾಲ ಒಂದೇ ಗಾಜಿನ ಆಚೆ ಇಬ್ಬರಿಗೂ ಒಂದೇ ಮಳೆ, ಒಂದೇ ಮರಳು, ಒಂದೇ ಸಂಜೆ. ಮಾತು ಯಾವುದೋ ಮರುಭೂಮಿಯಲ್ಲಿ ಮುಗಿದುಹೋಗಿ, ಎಂಜಿನ್ನಿನ ಗುನುಗೇ ಇಬ್ಬರ ನಡುವಿನ ಮಾತಾಗಿ, ಒಬ್ಬರು ತಲೆ ತಿರುಗಿಸಿದ ಕಡೆ ಇನ್ನೊಬ್ಬರ ಕಣ್ಣೂ ತಾನಾಗಿ ಹೊರಳುವ ಹಂತ ಬಂದಿರಬೇಕು. ಅವರು ಮದುವೆಯಾದದ್ದು 2010ರಲ್ಲಿ, ಕ್ರಿಸ್ಟೀನ್ ಕ್ಯಾನ್ಸರಿನಿಂದ ತೀರಿಕೊಳ್ಳುವ ಮುನ್ನ. ಆಮೇಲೂ ಆತ ಗಾಡಿ ನಿಲ್ಲಿಸಲಿಲ್ಲ; 2014ರ ಅಕ್ಟೋಬರಿನಲ್ಲಿ ಬರ್ಲಿನ್ ಸೇರಿದ.

ಆ ಇಪ್ಪತ್ತಾರು ವರ್ಷ ಇಲ್ಲಿ, ಚಿಕ್ಕಬಳ್ಳಾಪುರದ ಪಕ್ಕದ ನಂದಿಬೆಟ್ಟವೇನೂ ಸುಮ್ಮನೆ ಕೂತಿರಲಿಲ್ಲ. ನಮ್ಮ ಭೂಖಂಡ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರದ ಕಡೆ ಸರಿಯುತ್ತಲೇ ಇದೆ; ಓಟೊ ಲೋಕ ಸುತ್ತಿ ಮುಗಿಸುವಷ್ಟರಲ್ಲಿ ಬೆಟ್ಟವೂ ತನ್ನ ಗುಡಿ, ಮಂಗ, ಮಂಜುಗಳನ್ನೆಲ್ಲ ಕಟ್ಟಿಕೊಂಡು ಒಂದು ಮೀಟರಿಗಿಂತ ಹೆಚ್ಚು ನಡೆದಿತ್ತು. ಚಿಂತಾಮಣಿಯ ಕಡೆ ಹೊರಳಿದರೆ, ಅಂಬಾಜಿದುರ್ಗ, ಕೈವಾರದ ಸುತ್ತ ಒಂದರ ಮೇಲೊಂದು ಒರಗಿ ಕೂತ ಬೋಳು ಬಂಡೆಗಳು ಸುಮಾರು 250 ಕೋಟಿ ವರ್ಷದ ಹಿಂದೆ ಬೆಂಕಿಯಿಂದ ತಣಿದ ಕಲ್ಲುಗಳು. ಮಡಗಾಸ್ಕರಿನ ಮಗ್ಗುಲಲ್ಲಿ ಮಲಗಿದ್ದು, ಒಂಬತ್ತು ಕೋಟಿ ವರ್ಷದ ಹಿಂದೆ ಕೈಬಿಡಿಸಿಕೊಂಡು, ಸಮಭಾಜಕ ದಾಟಿ ಇಲ್ಲಿಗೆ ಬಂದವು. ಮಧ್ಯಾಹ್ನ ಅವುಗಳ ಮೇಲೆ ಅಂಗೈ ಇಟ್ಟರೆ ಸುಡುತ್ತದೆ. ಸಂಜೆ ಆರಿದ ಮೇಲೂ ಬಹಳ ಹೊತ್ತು ಬೆಚ್ಚಗಿರುತ್ತದೆ, ಜ್ವರ ಬಿಟ್ಟ ಮಗುವಿನ ಹಣೆಯಂತೆ.

ಜ್ವರ ಎಂದರೆ ಶಿಡ್ಲಘಟ್ಟದಲ್ಲಿ ಬೇರೆಯೇ ಒಂದು ಬರುತ್ತದೆ. ರೇಷ್ಮೆ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಧ್ಯಾನಕ್ಕೆ ಕೂತಂತೆ ನಿಂತುಬಿಡುವ ಹೊತ್ತಿಗೆ ಬೆಳೆಗಾರರು ಹುಳು ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಹೀಗೆ ನಾಲ್ಕು ಜ್ವರ ಎದ್ದು, ಹಣ್ಣಾಗಿ, ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿದ ಹುಳುವನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಟ್ಟರೆ, ಅದು ತಲೆಯನ್ನು ಆಚೆ ಈಚೆ ತೂಗುತ್ತ, ಗಾಳಿಯಲ್ಲಿ 8ರ ಆಕಾರ ಬರೆಯುತ್ತ, ಎರಡು ಮೂರು ದಿನ ತನ್ನ ಸುತ್ತ ತಾನೇ ದಾರಿ ಹಾಸಿಕೊಳ್ಳುತ್ತದೆ. ಒಂದು ಗೂಡಿನೊಳಗಿನ ಎಳೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಹೆಬ್ಬೆರಳಿನ ಎರಡು ಗೆಣ್ಣಿನಷ್ಟಿಲ್ಲದ ಜಾಗದಲ್ಲಿ ಅಷ್ಟು ದೂರ! ಹಾಗಾದರೆ ಓಟೊ ಕ್ರಮಿಸಿದ ದಾರಿ ಎಷ್ಟು ಗೂಡು ಎಂದು ಒಮ್ಮೆ ಲೆಕ್ಕ ಹಾಕಿದೆ. 9 ಲಕ್ಷ, ಕಿಲೋಗೆ ಐನೂರು, ಆರುನೂರು ಗೂಡೆಂದರೂ ಒಂದೂವರೆ ಟನ್ನಿನ ಆಸುಪಾಸು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಸಾಧಾರಣ ದಿನ ಬಂದು ಬೀಳುವುದು ಅದರ ಎಷ್ಟೋ ಪಾಲು ಹೆಚ್ಚು. ಹರಾಜಿನ ಗದ್ದಲದಲ್ಲಿ, ಬೀಡಿಯ ಹೊಗೆಯಲ್ಲಿ, ಹಸಿಗೂಡಿನ ಮಂದವಾದ ವಾಸನೆಯಲ್ಲಿ, ಒಂದು ಬದುಕಿಡೀ ಸುತ್ತಿದ ಲೋಕದಷ್ಟು ಉದ್ದ ತಟ್ಟೆಗಳಲ್ಲಿ ಸುತ್ತಿಕೊಂಡು ಬೆಳ್ಳಗೆ ಬಿದ್ದಿರುತ್ತದೆ.

ಬಿಚ್ಚಾಣಿಕೆಯ ಮನೆಗಳಲ್ಲಿ ಹೆಂಗಸರು ಕುದಿನೀರಿನ ಹಬೆಗೆ ಮುಖವೊಡ್ಡಿ, ಸುಟ್ಟು ಸುಟ್ಟು ನುಣುಪಾದ ಬೆರಳ ತುದಿಯಲ್ಲಿ ಆ ಎಳೆಯ ಕೊನೆಯನ್ನು ಹುಡುಕುತ್ತಾರೆ. ಒಳಗಿನ ಹುಳು ಆಗಲೇ ಸತ್ತಿರುತ್ತದೆ. ಬೆರಗಿನ ಭರದಲ್ಲಿ ಇದನ್ನು ಮರೆಯಲಾರೆ. ಬೀಜಕ್ಕೆಂದು ಉಳಿಸಿದ ಗೂಡಿನಿಂದ ಹೊರಬರುವ ಚಿಟ್ಟೆಗೆ ರೆಕ್ಕೆ ಇದ್ದರೂ ಹಾರಲು ಬಾರದು. ಸಾವಿರಾರು ವರ್ಷ ಮನುಷ್ಯನ ಮನೆಯಲ್ಲಿ ಬೆಳೆದು ಹಾರಾಟ ಮರೆತಿದೆ. ಆದರೂ ಆರನೆಯ ಶತಮಾನದಲ್ಲಿ ಸನ್ಯಾಸಿಗಳ ಊರುಗೋಲಿನೊಳಗೆ ಮೊಟ್ಟೆಯಾಗಿ ಅವಿತು ಕಾನ್‌ಸ್ಟಾಂಟಿನೋಪಲ್ ಸೇರಿತೆನ್ನುತ್ತಾರೆ. ಟಿಪ್ಪುವಿನ ಕಾಲಕ್ಕೆ ಮೈಸೂರು ಸೀಮೆಗೂ ಬಂತು. ಹಾರಲಾರದ್ದು ಹೋಗದ ಖಂಡ ಯಾವುದಿದೆ!

ಹಾರದೆ, ಉರುಳದೆ ಲೋಕ ಹಾಯುವ ದಾರಿ ನೆಲದೊಳಗೂ ಒಂದಿದೆ. ಗೌರಿಬಿದನೂರಿನ ಹೊಲಗಳ ನಡುವೆ 1965ರಿಂದಲೂ ನೆಲಕ್ಕೆ ಕಿವಿಗೊಟ್ಟ ಉಪಕರಣಗಳಿವೆ. ಕಡಲೆಕಾಯಿ ಕೀಳುವವರ ಕಾಲಡಿ ಅವು ದೂರದ ಭೂಕಂಪಗಳನ್ನು ಕೇಳಿಸಿಕೊಳ್ಳುತ್ತವೆ. ಭೂಮಿಯ ಒಂದು ಮಗ್ಗುಲಿನ ನಡುಕದ ಮೊದಲ ಅಲೆ ಗರ್ಭವನ್ನೇ ಹಾದು ಇನ್ನೊಂದು ಮಗ್ಗುಲು ಮುಟ್ಟಲು ಇಪ್ಪತ್ತು ನಿಮಿಷ ಸಾಕು. ಮೇಲೆ ಸುತ್ತಿ ಹೋಗುವವರಿಗೆ ವರ್ಷಗಳು ಬೇಕು. ತಡವಾಗಿ ಹೋಗುವ ದಾರಿಯೇ ನನಗೆ ಇಷ್ಟ.

ಹೆದ್ದಾರಿಯಲ್ಲಿ ಕಾಣುವಂಥದೇ ಒಂದು ಗಾಡಿ ಒಮ್ಮೆ ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಯೆದುರು ನಿಂತಿತ್ತು. ವಯಸ್ಸಾದ ಗಂಡ ಹೆಂಡತಿ ಉಮಾಮಹೇಶ್ವರನ ಮುಂದಿನ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳನ್ನು ನಿಧಾನವಾಗಿ ಸುತ್ತುತ್ತಿದ್ದರು. ಶಿವ ಪಾರ್ವತಿ, ವಿಷ್ಣು ಲಕ್ಷ್ಮಿ, ಬ್ರಹ್ಮ ಸರಸ್ವತಿ, ಅಗ್ನಿ ಸ್ವಾಹಾದೇವಿ, ಎಲ್ಲ ಜೋಡಿಗಳೇ. ಸಾವಿರ ಕೈಗಳು ಸವರಿ ಮಿರುಗುವ ಕಡೆ ಆಕೆಯ ಕೈಯೂ ಒಂದು ಗಳಿಗೆ ನಿಂತಿತು. ಹೊರಗೆ ಬಂದಾಗ ಹೂವಿನವಳು ಸೇವಂತಿಗೆಯ ಮೊಳ ಹಿಡಿದು, “ಮದುವೆ ಆಗಿ ಎಷ್ಟು ವರ್ಷ ಆಯ್ತಂತೆ ಕೇಳಿ ಸಾರ್” ಎಂದಳು. ಕೇಳಿದೆ. ಆತ ಒಂದು ಲೆಕ್ಕ ಹೇಳಿದ, ಆಕೆ ಇನ್ನೊಂದು. ಇಬ್ಬರೂ ಬೆರಳು ಮಡಿಸುತ್ತ ಜಗಳಕ್ಕೇ ನಿಂತರು. ಲೆಕ್ಕ ಹರಿಯಲಿಲ್ಲ. ಗೌರಿಬಿದನೂರಿಗೆ ದಾರಿ ಯಾವುದೆಂದು ನಕ್ಷೆ ಬಿಡಿಸಿದರು. ಹೂವಿನವಳು ನಕ್ಷೆಯ ಕಡೆ ನೋಡಲೂ ಇಲ್ಲ. “ಚಿಕ್ಕಬಳ್ಳಾಪುರಕ್ಕೆ ವಾಪಸ್ ಹೋಗಿ ಮಂಚೇನಹಳ್ಳಿ ಮೇಲೆ ಹೋಗ್ಲಿ” ಎಂದವಳು ಮೊಳದ ಮೇಲೆ ಇನ್ನೊಂದು ಗೇಣು ಹೂ ಸೇರಿಸಿ ಕತ್ತರಿಸಿ, “ಬೇಗ ಹೊರಡೋಕ್ಕೇಳಿ, ಮಳೆ ಬರೋ ಹಂಗಿದೆ” ಎಂದಳು.